ತುಪ್ಪದ ಗುಳಿ

"ತುಪ್ಪ ಒಂದು ಚಮಚ ತಿಂದ್ರೆ ತೊಂದ್ರೆ ಇಲ್ಲ. ವನಸ್ಪತಿ ಮಾತ್ರ ಮನೆಯೊಳಗೆ ತರ್ಬೇಡಿ," ಎಂದರು ಚಿಕ್ಕಮಗಳೂರಿನ ಡಾಕ್ಟರು. ತಪಾಸಣೆಗೆ ಬಂದಿದ್ದ ಬಸವಪ್ರಸಾದ ತನ್ನ ಹೊಟ್ಟೆಯ ಸುತ್ತಳತೆ ಕೇಳಿ ನಗುತ್ತಿದ್ದ. ಪಕ್ಕದಲ್ಲಿದ್ದ ತಾಯಿ ಸಿದ್ದಗಂಗಮ್ಮ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು.

"ವನಸ್ಪತಿ ಅಂದ್ರೆ ಗಿಡದ್ದಲ್ವಾ ಡಾಕ್ಟ್ರೇ?"

"ಹೆಸರಷ್ಟೇ ಗಿಡದ್ದು ಅಮ್ಮ. ಎಣ್ಣೆನ ಗಟ್ಟಿ ಮಾಡಿರ್ತಾರೆ. ಹೃದಯಕ್ಕೆ ತುಪ್ಪಕ್ಕಿಂತ ಕೆಟ್ಟದ್ದು."

ಊರು ಮಲ್ಲಂದೂರಿಗೆ ಮರಳುವ ಬಸ್ಸಿನಲ್ಲಿ ಆಕೆಗೆ ಹಳೆಯದೆಲ್ಲ ನೆನಪಾಯಿತು. ತೊಂಬತ್ತೆರಡನೇ ಇಸವಿಯಲ್ಲಿ ಗಂಡ ಓಂಕಾರಮೂರ್ತಿಗೆ ಎದೆನೋವು ಬಂದಾಗ, ತುಪ್ಪ ಬಿಡಿಸಿ ಎಂದಿದ್ದರು ಅಂದಿನ ಡಾಕ್ಟರು. ಬಿಡಿಸುವುದೇನು ಸುಲಭವೇ? ಅನ್ನದ ನಡುವೆ ಬೆರಳಿನಿಂದ ಗುಳಿ ಮಾಡಿ, ಅದು ತುಂಬುವವರೆಗೆ ತುತ್ತೆತ್ತದ ಮನುಷ್ಯ. ಅಂಗಡಿಯ ಡಬ್ಬದ ಮೇಲೆ 'ವನಸ್ಪತಿ' ಎಂದು ಓದಿದಾಗ ಆಕೆಗೆ ಹೋದ ಜೀವ ಬಂದಂತಾಗಿತ್ತು. ಗಿಡಮೂಲಿಕೆಯಿಂದ ಯಾರಿಗೆ ಕೇಡಾದೀತು? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವಳೂ ಆಕೆಯೇ.

ಕಾಯಿಸಿ ಬಡಿಸಿದಳು. ಆತ ಮೂಸಿ, "ಇದು ನಮ್ಮ ಎಮ್ಮೆ ತುಪ್ಪ ಅಲ್ವಲ್ಲೇ ಮಾರಾಯ್ತಿ," ಎಂದ.

"ನಿಮ್ಮ ನಾಲಿಗೆ ಕೆಟ್ಟಿದೆ ಕಣ್ರೀ. ಸುಮ್ನೆ ಉಣ್ಣಿ."

ಎರಡು ವರ್ಷ ಸುಮ್ಮನೆ ಉಂಡ. ಒಂದು ಬೆಳಗ್ಗೆ ಕಾಫಿ ಒಣಗಿಸುವ ಕಣದಲ್ಲಿ ಕುಸಿದವನು ಏಳಲಿಲ್ಲ.

ಹೋದವನು ಪೂರ್ತಿ ಹೋಗಲೂ ಇಲ್ಲ. ಬೆಣ್ಣೆ ಕಾಯಿಸುವಾಗಲೆಲ್ಲ ಅಡುಗೆಮನೆಯ ಬಾಗಿಲಲ್ಲಿ ಯಾರೋ ಮೂಸಿದ ಸದ್ದು. ಆದರೂ ವರ್ಷವರ್ಷವೂ ಅವನ ಎಡೆಗೆ ಆಕೆ ಇಟ್ಟದ್ದು ವನಸ್ಪತಿಯನ್ನೇ. "ಸತ್ತೋರಿಗೂ ಪಥ್ಯವಾ ಅಕ್ಕ?" ಎಂದು ವಾರಗಿತ್ತಿ ಸರೋಜಮ್ಮ ಚುಡಾಯಿಸಿದರೂ ಬಿಟ್ಟಿರಲಿಲ್ಲ. ತುಪ್ಪ ಹಾಕಿದರೆ ಅಲ್ಲೂ ಅವನಿಗೆ ಎದೆ ಹಿಡಿದೀತು ಎಂಬ ಭಯ. ಈಗ ಬಸ್ಸಿನ ಕಿಟಕಿಗೆ ತಲೆಯಾನಿಸಿ, ಕೈಯಾರೆ ಬಡಿಸಿ ಕೊಂದೆನೇ ಎಂದು ಆಕೆ ಒಳಗೇ ಅತ್ತಳು.

ಮಹಾಲಯ ಅಮಾವಾಸ್ಯೆಯ ದಿನ ಫೋಟೋದ ಮುಂದೆ ಬಾಳೆಲೆ ಹಾಸಿ, ಅನ್ನದ ನಡುವೆ ಆತ ಮಾಡುತ್ತಿದ್ದಂತೆಯೇ ಗುಳಿ ಮಾಡಿದಳು. ಎಮ್ಮೆ ತುಪ್ಪದ ಗಿಂಡಿ ಬಗ್ಗಿಸಿದವಳು ನಿಲ್ಲಿಸಲೇ ಇಲ್ಲ.

"ಅಯ್ಯೋ ಅಮ್ಮಾ, ಅಷ್ಟೊಂದು ಯಾಕೆ?" ಎಂದ ಬಸವಪ್ರಸಾದ.

"ಅವ್ರು ಕೇಳಿದ್ರು ಕಣಪ್ಪ. ನಾ ಕೊಟ್ಟಿರ್ಲಿಲ್ಲ."

ಬಾಗಿಲ ಕಡೆ ಕಿವಿಗೊಟ್ಟು ಕೂತಳು. ಯಾರೂ ಮೂಸಲಿಲ್ಲ. ಅನ್ನದ ದಂಡೆಯೊಡೆದು ಎಲೆಗೆ ಹರಿದ ತುಪ್ಪ, ಮಲೆಯ ಚಳಿಗೆ ನಿಧಾನವಾಗಿ ವನಸ್ಪತಿಯಂತೆಯೇ ಬೆಳ್ಳಗೆ ಗಟ್ಟಿಯಾಗತೊಡಗಿತು.