ಈ ಕಿವಿ ಮನೇಲಿಲ್ಲ

ಬೆವರೋ ಬಣ್ಣವೋ, ಹುಬ್ಬಿನ ಮೇಲೆ ಒಂದು ಹನಿ ಬಂದು ನಿಂತಿದೆ, ಒರೆಸಬಾರದು, ಒರೆಸಿದರೆ ಬರೆದ ಹುಬ್ಬೂ ಜೊತೆಗೇ ಹೋದೀತು — ಪರದೆಯ ಸಂದಿಯಿಂದ ಬೆಟ್ಟಸ್ವಾಮಿಗೆ ತಿಪಟೂರಿನ ಸಭಾಂಗಣ ಪೂರ್ತಿ ಕಾಣುತ್ತದೆ, ಕುರ್ಚಿ ಸಾಲದೆ ಜನ ಗೋಡೆಗೆ ಆತು ನಿಂತಿದ್ದಾರೆ, ನಿಲ್ಲಲಿ, ನಗುವುದಂತೂ ಗ್ಯಾರಂಟಿ, ಹತ್ತು ವರ್ಷ ನಾಟಕ ಕಂಪನಿ, ಇಪ್ಪತ್ತೆರಡು ವರ್ಷ ಟೀವಿ, ನಗದೆ ಎದ್ದುಹೋದವರನ್ನು ಅವನು ಇನ್ನೂ ಕಂಡಿಲ್ಲ, ಕೈಯಲ್ಲೊಂದು ಒಣಗಿದ ತೆಂಗಿನಕಾಯಿ ಇದ್ದರೆ ಮುಗಿಯಿತು, ಅದನ್ನು ಎಡಗಿವಿಗೆ ಹಿಡಿದು ಅಲ್ಲಾಡಿಸುವುದು, ಏನೂ ಕೇಳದೆ ಕಣ್ಣು ಪಿಳಿಪಿಳಿ ಬಿಡುವುದು, ಮೂರು ಎಣಿಸುವಷ್ಟು ತಡೆದು, ಬಾಗಿಲು ತಟ್ಟುವ ಹಾಗೆ ಬೆರಳಿನಿಂದ ಕಿವಿ ತಟ್ಟಿ — ಥೂ, ಈ ಕಿವಿ ಮನೇಲಿಲ್ಲ ಕಣ್ಲಾ — ಎಂದು ಕಾಯನ್ನು ಬಲಗಿವಿಗೆ ದಾಟಿಸುವುದು, ಇಡೀ ರಾಜ್ಯದ ಮಕ್ಕಳ ಬಾಯಲ್ಲಿರುವ ಮಾತು, ಅವನಿಗೆ ಅನ್ನ ಹಾಕಿದ ಮಾತು, ಆದರೆ ಅವನದಲ್ಲ. ಅದರ ಒಡೆಯ ಮುಂದಿನ ಸಾಲಿನಲ್ಲಿ ತನ್ನ ಅಕ್ಕ ಪುಷ್ಪಲತಳ ಪಕ್ಕ ಕೂತಿದ್ದಾನೆ, ಕೆಂಚಪ್ಪ, ಎಷ್ಟು ಮುದುಕನಾಗಿದ್ದಾನೆ, ಬೆಟ್ಟಸ್ವಾಮಿಯ ಮನೆಯ ಅಟ್ಟದಲ್ಲಿ ವರ್ಷವೆಲ್ಲ ಒಣಗಿದ ಕಾಯಿಗಳನ್ನು ಅಲ್ಲಾಡಿಸಿ ಆರಿಸುತ್ತಿದ್ದವನು, ಗುಳುಗುಳು ಅಂದರೆ ಇನ್ನೂ ನೀರಿದೆ ಇರಲಿ, ಗುಡುಗುಡು ಅಂದರೆ ಕೊಬ್ಬರಿಯಾಗಿದೆ ಇಳಿಸು, ಒಂದು ಕಿವಿ ಕೇಳುತ್ತಿರಲಿಲ್ಲ, ಮರೆತು ಅದಕ್ಕೇ ಮೊದಲು ಹಿಡಿಯುವುದು, ಬೆರಳಿನಿಂದ ಅದನ್ನು ತಟ್ಟಿ ಆ ಮಾತು ಹೇಳಿ ತಾನೇ ನಗುವುದು, ಎಂಟು ವರ್ಷದ ಬೆಟ್ಟಸ್ವಾಮಿ ರಾಶಿಯ ಈಚೆ ಎದುರುಬದುರು ಕೂತು ಅವನು ಮಾಡಿದ್ದನ್ನೇ ಮಾಡುವುದು, ಧೂಳು, ಹೆಂಚಿನ ಬಿಸಿ, ಇಬ್ಬರ ನಗು — ಕದ್ದದ್ದು ಅನ್ನಬೇಕೇ, ಕಲಿತದ್ದು ಅನ್ನಬಾರದೇ?

ಬೆಳಗ್ಗೆ ದೋಸೆ ಹಾಕುತ್ತಾ ಅಕ್ಕ ಅಂದಳು, ನೀನದನ್ನ ಟೀವೀಲಿ ಮಾಡ್ದಾಗಿಂದ ಮಂಡೀಲಿ ಎಲ್ರೂ ಕೆಂಚಪ್ಪನ್ನ ಕಂಡ್ರೆ ಏನಜ್ಜಾ ಕಿವಿ ಮನೇಲೈತಾ ಅಂತ ಆಡ್ಕಂತಾರೆ ಕಣೋ, ಪೇಟೆಗೆ ಬರೋದೇ ಬುಟ್ಟವ್ನೆ, ಇವತ್ತು ನಾನೇ ಬಲವಂತ ಮಾಡಿ ಕರ್ಕಂಡ್ ಬತ್ತೀನಿ, ಬೆಟ್ಟಸ್ವಾಮಿಗೆ ನಾಚಿಕೆಯಾಯಿತು. ಇವತ್ತೊಂದು ದಿನ ಬಿಟ್ಟುಬಿಡಲೇ, ಜನ ಬಿಟ್ಟಾರೇ, ಆಗಲೇ ಕಾಯಿ ಕಾಯಿ ಅಂತ ಕೂಗುತ್ತಿದ್ದಾರೆ, ಬೇಡ, ಮಾಡಿಯೇ ತೀರುತ್ತೇನೆ, ಆ ಮುದುಕ ನಕ್ಕರೆ ಸರಿ, ನಗದಿದ್ದರೆ ಈ ಕಾಯನ್ನು ಇನ್ನೆಂದೂ ಮುಟ್ಟುವುದಿಲ್ಲ, ನಗುತ್ತಾನೆ, ನಗಿಸದೆ ಬಿಡುವ ಪೈಕಿಯೇ ತಾನು — ಪರದೆ ಸರಿಯಿತು, ನಾಲ್ಕು ಹೆಜ್ಜೆ, ಚಪ್ಪಾಳೆ, ಕಾಯಿ ಎಡಗಿವಿಗೆ, ಸಭೆಯೆಲ್ಲ ಹೋ ಎಂದು ನಗುತ್ತಿದೆ, ಒಂದು, ಕೆಂಚಪ್ಪ ನಗುತ್ತಿಲ್ಲ, ಎರಡು, ಕೈ ಎತ್ತುತ್ತಿದ್ದಾನೆ, ಶಾಪ ಹಾಕುತ್ತಾನೋ, ಇಲ್ಲ, ಬೆರಳಿನಿಂದ ತನ್ನ ಬಲಗಿವಿ ತಟ್ಟುತ್ತಿದ್ದಾನೆ, ಮಂದಗಿವಿಯವರ ದೊಡ್ಡ ದನಿಯಲ್ಲಿ, ಆ ಕಿವಿಯಲ್ಲ ಕಣಪ್ಪ, ಈ ಕಿವಿ, ಏಸು ವರ್ಸದಿಂದ ನೋಡ್ತಾ ಇವ್ನಿ, ಯಾವಾಗ್ಲೂ ತಪ್ಪೇ ಮಾಡ್ತೀಯ — ಎದುರುಬದುರು ಕೂತು ಕಲಿತವನು, ಕೆಂಚಪ್ಪನ ಬಲಗಿವಿ ಇವನಿಗೆ ಎಡಗಡೆ ಕಂಡಿತ್ತು, ಮನೇಲಿಲ್ಲದ ಕಿವಿ ಆ ಬಲಗಿವಿ, ಇಷ್ಟು ವರ್ಷ ಮನೆಯಲ್ಲೇ ಕೂತು ನೋಡುತ್ತಿದ್ದನೇ, ಪ್ರತಿ ಸಲವೂ ಹೀಗೇ ಬೆರಳೆತ್ತಿ ತಿದ್ದುತ್ತಿದ್ದನೇ, ಮೂರು, ಮಾತು ಬರಬೇಕು, ನಾಲ್ಕು, ಬರುತ್ತಿಲ್ಲ, ಕಾಯಿ ಎಡಗಿವಿಯಲ್ಲೇ ಇದೆ, ಮುದುಕನ ಬಲಗಿವಿಯ ಮೇಲೆ ಆ ಬೆರಳು, ತಟ್ಟುತ್ತಿದೆ, ಆ ಬೆರಳು —