ಹರಿಯದ ಕೋಟಿಗೆ ರಫು

ಹರಿದದ್ದನ್ನು ಸರಿಮಾಡಿ ಬದುಕುವವರ ಬಾಯಲ್ಲಿ ಬರಬಾರದ ಪ್ರಾರ್ಥನೆ ಒಂದಿದೆ: ದೇವರೇ, ಲೋಕದ ಬಟ್ಟೆಯೆಲ್ಲ ಹರಿಯಲಿ. ವೈದ್ಯ ಜ್ವರ ಬೇಡಬಾರದು, ಅಂಬಿಗ ಪ್ರವಾಹ ಬೇಡಬಾರದು, ರಫು ಮಾಡುವವಳು ತೂತು ಬೇಡಬಾರದು. ಬಂದರೆ ಕೈಮುಗಿದು ತೆಗೆದುಕೊಳ್ಳಬೇಕು. ಬರದಿದ್ದರೆ ಸೂಜಿಯನ್ನು ಎಣ್ಣೆಬಟ್ಟೆಯಲ್ಲಿ ಒರೆಸಿ ಸುಮ್ಮನೆ ಕೂರಬೇಕು. ಇದೆಲ್ಲ ರಫು ಅಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆ ಚಳಿಗಾಲದ ಬೆಳಗ್ಗೆ ಅಂಗಡಿಯ ಬಾಗಿಲೆತ್ತಿ, ದೇವರ ಹೆಸರು ಹೇಳಿ, ದೀಪದ ಗುಂಡಿ ಒತ್ತಿದ ಮೇಲೆ ಅವಳ ಮನಸ್ಸು ಬೇಡಿದ್ದು ಅದನ್ನೇ. ಯಾರದಾದರೂ ಏನಾದರೂ ಹರಿದಿರಲಿ.

ಅಂಗಡಿ ಎಂದರೆ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಜಾಗ. ಒಳಗೆ ನಿಂತರೆ ಒಂದು ಕಡೆ ತಲೆ ತಾಗುತ್ತದೆ, ಇನ್ನೊಂದು ಕಡೆ ತಾಗುವುದಿಲ್ಲ. ಮೇಲೆ ಜನ ಹತ್ತಿ ಇಳಿಯುವ ಸದ್ದು ದಿನವಿಡೀ. ಹೆಜ್ಜೆ ಕೇಳಿಯೇ ಇದು ಮೇಲಿನ ಹಲ್ಲಿನ ವೈದ್ಯರ ಹತ್ತಿರ ಹೋಗುತ್ತಿರುವವರು, ಇದು ಬರುತ್ತಿರುವವರು ಎಂದು ಹೇಳುವಷ್ಟು ವರ್ಷ ಅಲ್ಲಿ ಕೂತಿದ್ದಾಳೆ. ಹೋಗುವವರ ಹೆಜ್ಜೆ ನಿಧಾನ. ಆ ಹೆಜ್ಜೆಗಳಲ್ಲಿ ಒಂದೂ ಈಚೆಗೆ ಅವಳ ಬಾಗಿಲ ಮುಂದೆ ನಿಲ್ಲುತ್ತಿರಲಿಲ್ಲ. ಬಟ್ಟೆ ಹರಿದರೆ ಜನ ಎಸೆಯುತ್ತಾರೆ, ಹೊಸದು ತರುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ.

ತೇಪೆ ಬೇರೆ, ರಫು ಬೇರೆ. ತೇಪೆ ಹಾಕುವವರು ತೂತಿನ ಮೇಲೆ ಇನ್ನೊಂದು ಚೂರು ಇಟ್ಟು ಹೊಲಿಯುತ್ತಾರೆ. ಗಾಯ ಮುಚ್ಚುತ್ತದೆ, ಕಲೆ ಕಾಣುತ್ತದೆ. ರಫು ಮಾಡುವವರು ಅದೇ ಬಟ್ಟೆಯ ಒಳಮಡಿಕೆಯಿಂದ, ಯಾರ ಕಣ್ಣಿಗೂ ಬೀಳದ ಕಡೆಯಿಂದ, ಒಂದೊಂದೇ ಎಳೆ ಬಿಡಿಸಿಕೊಂಡು, ತೂತಿದ್ದ ಜಾಗದಲ್ಲಿ ಹಾಸುಹೊಕ್ಕಾಗಿ ಮತ್ತೆ ನೇಯುತ್ತಾರೆ. ಮುಗಿದ ಮೇಲೆ ಬಟ್ಟೆಯ ಒಡೆಯನಿಗೂ ತೂತು ಎಲ್ಲಿತ್ತೆಂದು ತಿಳಿಯಬಾರದು. ಈ ವಿದ್ಯೆ ಅವಳಿಗೆ ಕಲಿಸಿದ್ದು ಅವಳ ಗಂಡ, ಅವಳ ಬಾಯಲ್ಲಿ ಯಜಮಾನರು. ಅವರು ತೀರಿಕೊಂಡ ಮೇಲೆ ಅಂಗಡಿ ಮುಚ್ಚು ಎಂದವರೇ ಹೆಚ್ಚು. ಮುಚ್ಚಿ ಮನೆಯಲ್ಲಿ ಯಾರ ಮುಖ ನೋಡಿಕೊಂಡು ಕೂರಲಿ ಎಂದು ಇವಳು ಮುಚ್ಚಲಿಲ್ಲ. ಮಕ್ಕಳಿಲ್ಲ. ಒಬ್ಬಳು ತಂಗಿ ಇದ್ದಾಳೆ, ರೈಲಿನಲ್ಲಿ ಒಂದು ದಿನದ ದೂರದಲ್ಲಿ.

ಫೋನಿನ ವ್ಯವಹಾರ ಶುರುಮಾಡಿದ್ದು ಆ ತಂಗಿಯೇ. ಒಮ್ಮೆ ಬಂದಾಗ ಅಕ್ಕನ ಎದುರು ಕೂತು ಆಕಳಿಸಿದಳು. "ನಿನ್ನ ಕೈ ನೋಡ್ತಾ ಇದ್ರೆ ಜೋಗುಳ ಹಾಡಿದ ಹಾಗಾಗುತ್ತೆ ಕಣೇ ಅಕ್ಕ," ಎಂದು ತನ್ನ ಫೋನಿನಲ್ಲಿ ಅದನ್ನು ಹಿಡಿದು, ವಿಡಿಯೊ ಹಾಕುವ ಆಪ್ ಒಂದರಲ್ಲಿ ಲೋಕಕ್ಕೆ ತೋರಿಸಿದಳು. ಮುಖವಿಲ್ಲ, ಮಾತಿಲ್ಲ. ಎರಡು ಕೈ, ಒಂದು ಸೂಜಿ, ಮುಚ್ಚಿಕೊಳ್ಳುತ್ತಿರುವ ಒಂದು ತೂತು, ಅಷ್ಟೇ. ಲೋಕಕ್ಕೆ ಅದು ಹಿಡಿಸಿಬಿಟ್ಟಿತು. ತಂಗಿ ಹೋಗುವಾಗ ಫೋನನ್ನು ಮೇಜಿಗೆ ಕಟ್ಟಿ ನಿಲ್ಲಿಸುವ ಕಡ್ಡಿಯೊಂದನ್ನು ಕೊಟ್ಟು, ಯಾವ ಗುಂಡಿ ಒತ್ತಬೇಕೆಂದು ತೋರಿಸಿಕೊಟ್ಟು ಹೋದಳು. ಕೆಲ ತಿಂಗಳಲ್ಲಿ ಆ ಆಪ್‌ನವರು ದುಡ್ಡನ್ನೂ ಕೊಡತೊಡಗಿದರು. ನಿಯಮ ಮಾತ್ರ ಒಂದಿತ್ತು: ದಿನವೂ ಹಾಕುತ್ತಿರಬೇಕು. ನಡುವೆ ಬಿಟ್ಟರೆ ವಿಡಿಯೊ ಯಾರ ಕಣ್ಣಿಗೂ ಬೀಳದೆ ಕೆಳಕ್ಕಿಳಿಯುತ್ತದೆ, ಬಹಳ ಬಿಟ್ಟರೆ ದುಡ್ಡು ಪಡೆಯುವವರ ಪಟ್ಟಿಯಿಂದಲೇ ಹೊರಗೆ.

ದುಡ್ಡಿನಿಂದ ಅಂಗಡಿಯ ಬಾಡಿಗೆ ಸಾಗುತ್ತಿತ್ತು, ಸುಳ್ಳೇಕೆ. ಆದರೆ ಅವಳು ಕಾಯುತ್ತಿದ್ದದ್ದು ಅದಕ್ಕಲ್ಲ. ವಿಡಿಯೊದ ಕೆಳಗೆ ಜನ ಬರೆಯುತ್ತಿದ್ದರು. "ಅಮ್ಮಾ, ನಿಮ್ಮ ಕೈಗೆ ನಮಸ್ಕಾರ." "ಅಕ್ಕ, ಇವತ್ತು ಚಳಿ ಜಾಸ್ತಿ ಅಲ್ವಾ, ಬೆರಳು ನಡುಗ್ತಿದೆ." ಬೆರಳು ನಡುಗಿದ್ದನ್ನು ಗಮನಿಸುವವರು ಅವಳಿಗೆ ಬೇರೆ ಯಾರಿದ್ದರು? ಅವರಲ್ಲಿ ಒಬ್ಬಳು ತನ್ನನ್ನು 'ನಿದ್ದೆಗೆಟ್ಟವಳು' ಎಂದು ಕರೆದುಕೊಂಡಿದ್ದಳು. ದಿನವೂ ಎಲ್ಲರಿಗಿಂತ ಮೊದಲು ಅವಳದೇ ಒಂದು ಸಾಲು: "ಬಂದ್ಯಾ ಅಕ್ಕ?" ಅಷ್ಟೇ. ರಫು ಅಕ್ಕ ಆ ಸಾಲನ್ನು ಟೀ ಕುಡಿಯುತ್ತಾ ಓದುತ್ತಿದ್ದಳು, ಕುಡಿದಾದ ಮೇಲೆ ಇನ್ನೊಮ್ಮೆ ಓದುತ್ತಿದ್ದಳು. ಬಂದೆ ಕಣಮ್ಮ ಎಂದು ಬಾಯಲ್ಲಿ ಹೇಳುತ್ತಿದ್ದಳೇ ಹೊರತು ಬರೆಯುತ್ತಿರಲಿಲ್ಲ.

ದಿನವೂ ಹಾಕಬೇಕು ಎಂದರೆ ದಿನವೂ ಒಂದು ತೂತು ಬೇಕು. ತೂತು ಎಲ್ಲಿಂದ ಬರಬೇಕು? ಮೊದಲು ಗಂಟಿನ ಹಳೆಯ ಬಟ್ಟೆಗಳಾದವು. ಆಮೇಲೆ ಇಸ್ತ್ರಿ ಅಂಗಡಿಯಲ್ಲಿ ಯಾರೋ ಬಿಟ್ಟುಹೋದವು. ಅವೂ ಮುಗಿದ ದಿನ, ಹರಿದದ್ದನ್ನು ಹುಡುಕಿ ಸೋತವಳು ಕತ್ತರಿಯನ್ನು ಕೈಗೆತ್ತಿಕೊಂಡಳು. ತನ್ನದೇ ಹೊದಿಕೆ. ನಡುವೆ ಒಂದು ಕಡಲೆಯಷ್ಟು. ಕತ್ತರಿಸುವಾಗ ಫೋನು ಆರಿಸಿಟ್ಟಿದ್ದಳು. ಮುಚ್ಚುವಾಗ ಹಚ್ಚಿದಳು.

ಪಕ್ಕದ ಇಸ್ತ್ರಿಯವನು ಬಾಯಿಗೆ ಬೀಗವಿಲ್ಲದ ಆಸಾಮಿ. ಇದ್ದಿಲು ಊದುತ್ತಲೇ ಕೇಳಿದ: "ಅಕ್ಕಾ, ಆ ಹೊದಿಕೆ ಮೊನ್ನೆ ತಾನೇ ಮಡಚಿ ಕೊಟ್ಟಿದ್ನಲ್ಲ, ಚೆನ್ನಾಗಿತ್ತಲ್ಲ?"

"ಇಲಿ ಕಡಿದಿತ್ತಪ್ಪ."

"ಅಷ್ಟು ಗುಂಡಗೆ? ನಿಮ್ಮ ಮನೆ ಇಲಿ ಕತ್ತರಿ ಹಿಡ್ಕೊಂಡು ಓಡಾಡುತ್ತಾ?"

"ನಿನ್ನ ಕೆಲಸ ನೋಡ್ಕೋ. ಅಂಗಿ ಸುಡ್ತಾ ಇದೆ."

"ಸುಡಲಿ ಬಿಡಿ, ನಿಮಗೊಂದು ಗಿರಾಕಿ ಆಗುತ್ತೆ," ಎಂದು ನಕ್ಕ. ಅವಳೂ ನಕ್ಕಳು. ನಗುತ್ತಲೇ ಕತ್ತರಿಯನ್ನು ಹೊದಿಕೆಯ ಕೆಳಗೆ ಸರಿಸಿದಳು.

ಹಾಗೆ ಹೊದಿಕೆಯಾಯಿತು, ದಿಂಬಿನ ಚೀಲವಾಯಿತು, ಇದ್ದ ಎರಡು ಒಳ್ಳೆಯ ಶಾಲುಗಳಾದವು. ಕೆಡಿಸು, ಕಟ್ಟು. ಮನೆಯ ಬಟ್ಟೆಯೆಲ್ಲ ಗಾಯವಾಗಿ ಮಾಗಿದ ಮೈಯಂತಾಯಿತು. ನೋಡುವವರೋ, "ಸಾದಾ ಬಟ್ಟೆ ಸಾಕು ಅಕ್ಕ, ಚೌಕಳಿ ಮಾಡಿ ತೋರ್ಸಿ" ಎನ್ನತೊಡಗಿದರು. ಚೌಕಳಿಯಲ್ಲಿ ಗೆರೆಗೆ ಗೆರೆ ಸೇರಬೇಕು, ಬಣ್ಣಕ್ಕೆ ಬಣ್ಣ ಕೂಡಬೇಕು; ಕೈಯ ಪರೀಕ್ಷೆ ಅದು. ಅವಳ ಹತ್ತಿರ ಉಳಿದಿದ್ದ ಚೌಕಳಿ ಬಟ್ಟೆ ಒಂದೇ. ಯಜಮಾನರ ಉಣ್ಣೆಯ ಕೋಟು.

ಕಂದು ಬಣ್ಣದ್ದು, ಸಣ್ಣ ಸಣ್ಣ ಚೌಕಳಿ. ಅವರ ಮೈಮೇಲೆ ಅದು ಹಳೆಯದಾಗಿತ್ತೇ ಹೊರತು ಎಲ್ಲೂ ಹರಿದಿರಲಿಲ್ಲ. "ರಫು ಮಾಡೋನ ಕೋಟಲ್ಲಿ ರಫು ಇರಬಾರದು ಕಣೇ," ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದರು. ಅವಳು ಅದನ್ನು ಮೊಳೆಯಿಂದ ತೆಗೆದು ಮೇಜಿನ ಮೇಲೆ ಹರಡಿದಳು. ಕೈ ಹಿಂದೆಮುಂದೆ ನೋಡಿತು. ಮುಚ್ಚಿಯೇ ಮುಚ್ಚುತ್ತೇನಲ್ಲ, ಸಂಜೆಗೆ ಇದ್ದಹಾಗೇ ಇರುತ್ತದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಎದೆಯ ಎಡಬದಿಯಲ್ಲಿ, ಜೇಬಿನ ಪಕ್ಕ, ಕತ್ತರಿಯ ತುದಿ ಇಳಿಸಿದಳು. ಉಣ್ಣೆ ಸದ್ದು ಮಾಡುವುದಿಲ್ಲ.

ಆಮೇಲೆ ಫೋನು ಹಚ್ಚಿ, ಕೋಟಿನ ಕೆಳ ಅಂಚು ತಿರುವಿ, ಒಳಬಟ್ಟೆಯ ಹೊಲಿಗೆ ಬಿಚ್ಚಿದಳು. ಒಳಮಡಿಕೆಯಿಂದ ಎಳೆ ತೆಗೆಯಬೇಕಲ್ಲ.

ಒಳಮಡಿಕೆಯಲ್ಲಿ ಎಳೆ ಇರಲಿಲ್ಲ.

ಅಂಚಿನ ಉದ್ದಕ್ಕೂ ಬಟ್ಟೆ ಹಳೆಯ ಬಾಚಣಿಗೆಯ ಹಾಗೆ ಬೋಳಾಗಿತ್ತು. ಯಾರೋ ಎಳೆಗಳನ್ನು ಬಿಡಿಸಿ ತೆಗೆದಿದ್ದರು, ಒಂದೂ ತುಂಡಾಗದಂತೆ, ಅಚ್ಚುಕಟ್ಟಾಗಿ. ಹಾಗೆ ತೆಗೆಯುವ ಕೈ ಒಂದೇ. ಎಡತೋಳಿನ ಮಡಿಕೆ ಬಿಚ್ಚಿದಳು, ಅಲ್ಲೂ ಹಾಗೇ. ಬಲತೋಳು, ಅಲ್ಲೂ. ಕಾಲರಿನ ಕೆಳಗೂ ಬಿಟ್ಟಿರಲಿಲ್ಲ ಪುಣ್ಯಾತ್ಮ.

ಅಂದರೆ ಕೋಟು ಹರಿದಿತ್ತು. ಬರೀ ಹರಿದದ್ದಲ್ಲ, ಬಹಳ ಹರಿದಿತ್ತು. ಎಂದೋ, ಅವಳು ಊರಿನಲ್ಲಿಲ್ಲದ ಹೊತ್ತಿನಲ್ಲಿ, ಯಜಮಾನರು ಕೂತು ಅದನ್ನು ಅವಳಿಗೂ ಗೊತ್ತಾಗದ ಹಾಗೆ ನೇಯ್ದಿದ್ದರು. ಏಕೆಂದು ಊಹಿಸಲು ಅವಳಿಗೆ ಕಷ್ಟವಾಗಲಿಲ್ಲ. ಸಿಗರೇಟು ಬಿಟ್ಟೆ ಎಂದು ದೇವರ ಪಟದ ಮುಂದೆ ಆಣೆ ಇಟ್ಟಿದ್ದರಲ್ಲ. ಕಿಡಿ ಬಿದ್ದು ಅಗಲಕ್ಕೆ ಸುಟ್ಟುಹೋಗಿರಬೇಕು. ಹೆಂಡತಿಯ ಬೈಗುಳಕ್ಕೆ ಹೆದರಿ, ಕೋಟಿನ ಮೈಯಲ್ಲಿದ್ದ ದಾರವನ್ನೆಲ್ಲ ಖರ್ಚುಮಾಡಿ ಮುಚ್ಚಿಟ್ಟಿದ್ದರು.

ಅವಳು ಕೋಟನ್ನು ಎತ್ತಿ ದೀಪಕ್ಕೆ ಹಿಡಿದಳು. ಬೆಳಕು ಎಲ್ಲೂ ತೆಳ್ಳಗೆ ಹಾಯಲಿಲ್ಲ. ಕಣ್ಣುಮುಚ್ಚಿ ಬೆರಳಾಡಿಸಿದಳು. ತಿರುವಿ ಹಿಂಬದಿ ನೋಡಿದಳು. ಚೌಕಳಿಗೆ ಚೌಕಳಿ, ಗೆರೆಗೆ ಗೆರೆ. ಇಷ್ಟು ವರ್ಷ ಈ ಕಸುಬಿನಲ್ಲಿ ಕಣ್ಣು ಸವೆಸಿದವಳಿಗೆ ಗಂಡನ ಒಂದು ಕಳ್ಳತನ ಸಿಗಲಿಲ್ಲ. "ಕಳ್ಳಾ," ಎಂದಳು ಜೋರಾಗಿ. ನಕ್ಕಳು. ನಕ್ಕದ್ದನ್ನು ಯಾರಿಗಾದರೂ ಹೇಳಬೇಕೆನಿಸಿ ತಲೆಯೆತ್ತಿದರೆ ಎದುರಿಗೆ ಫೋನು ಕೆಂಪು ಚುಕ್ಕೆ ಮಿನುಗಿಸುತ್ತಾ ನೋಡುತ್ತಿತ್ತು. ಅವಳು ಅದನ್ನು ಆರಿಸಿದಳು. ಕೋಟಿನಲ್ಲಿ ಕಾಣುತ್ತಿದ್ದ ತೂತು ಈಗ ಒಂದೇ, ಅವಳು ಮಾಡಿದ್ದು.

ಮಧ್ಯಾಹ್ನ ತಂಗಿಯ ಕರೆ ಬಂತು. "ಏನೇ ಅಕ್ಕ, ಇನ್ನೂ ಹಾಕಿಲ್ಲ? ಹುಷಾರಾಗಿದ್ದೀ ತಾನೇ?"

"ದಾರ ಇಲ್ಲ ಕಣೇ."

"ಯಾಕಿಲ್ಲ? ಡಬ್ಬಿ ತುಂಬಾ ಇದೆಯಲ್ಲ?"

"ಅದು ಡಬ್ಬಿ ದಾರ. ಕೋಟಿನ ದಾರ ಇಲ್ಲ." ನಡೆದದ್ದನ್ನು ಹೇಳಿದಳು. ತಂಗಿ ಎಲ್ಲ ಕೇಳಿಸಿಕೊಂಡಳು. ಆಮೇಲೆ, "ಭಾವ ಅಂದ್ರೆ ಭಾವನೇ," ಎಂದು ನಕ್ಕಳು. "ಅಲ್ಲ, ಅದೇ ಬಣ್ಣದ್ದು ಯಾವುದಾದ್ರೂ ಹಾಕಿ ಮುಗ್ಸು. ಅಷ್ಟು ಚಿಕ್ಕ ಫೋನಲ್ಲಿ ಯಾರಿಗೆ ಗೊತ್ತಾಗುತ್ತೆ?"

"ಯಾರಿಗೂ ಗೊತ್ತಾಗಲ್ಲ."

"ಮತ್ತೆ?"

"ಅದಕ್ಕೇ ಬೇಡ ಅಂತ."

"ಆಹಾ, ಒಗಟು ಬೇರೆ! ಇವತ್ತು ಬಿಟ್ರೆ ನಾಳೆ ಯಾರು ನೋಡ್ತಾರೆ? ಬಾಡಿಗೆಗೆ ಏನ್ಮಾಡ್ತೀಯ? ನಾನು ಹೇಳಿದ್ರೆ ನಿಂಗೆ ಕೋಪ. ಬಂದು ನಮ್ಮ ಜೊತೆ ಇರು ಅಂದ್ರೆ ಅದೂ ಬೇಡ."

"ನಿನ್ನ ಮೇಲೆ ಕೋಪ ಯಾಕೆ ಬರುತ್ತೆ ಮಾರಾಯ್ತಿ. ಹರಿದದ್ದು ಬಂದ ದಿನ ಮಾಡಿ ಹಾಕ್ತೀನಿ. ಬರದ ದಿನ ಇಲ್ಲ. ನಾನೇ ಹರಿದು ನಾನೇ ಹೊಲಿಯೋದು ಸಾಕು."

"ಆಯ್ತು, ಕೂತಿರು ಒಬ್ಬಳೇ," ಎಂದಳು ತಂಗಿ. ಹೇಳಿದ ಮೇಲೆ ಮಾತು ಚುಚ್ಚಿತೆಂದು ಅವಳಿಗೂ ತಿಳಿದಿರಬೇಕು, ಊಟ ಮಾಡಿದ್ಯಾ ಎಂದು ಎರಡೆರಡು ಸಲ ಕೇಳಿ ಫೋನಿಟ್ಟಳು.

ಸಂಜೆಯ ಹೊತ್ತಿಗೆ ಹಿಂದಿನ ದಿನದ ವಿಡಿಯೊದ ಕೆಳಗೆ ನಿದ್ದೆಗೆಟ್ಟವಳ ಸಾಲು ಬಂದಿತ್ತು. "ಇವತ್ತು ಬರ್ಲಿಲ್ವಾ ಅಕ್ಕ?" ರಫು ಅಕ್ಕ ಮೊದಲ ಬಾರಿಗೆ ಉತ್ತರ ಬರೆದಳು. ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: "ಇವತ್ತು ಹರಿದದ್ದು ಏನೂ ಇರಲಿಲ್ಲ ಕಣಮ್ಮ. ಇನ್ನುಮೇಲೆ ದಿನಾ ಬರೋದಿಲ್ಲ. ನಿನಗೆ ನಿದ್ದೆ ಯಾಕೆ ಬರಲ್ಲ?"

ಅದಕ್ಕೆ ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ. ಕೇಳಬಾರದ್ದನ್ನು ಕೇಳಿದೆನೇನೋ ಎಂದು ಅವಳು ತನ್ನನ್ನು ಬೈದುಕೊಂಡಳು. ಉಳಿದವರು ಬರೆಯುತ್ತಿದ್ದ ನಮಸ್ಕಾರಗಳೂ ತೆಳುವಾಗಿ, ಆಮೇಲೆ ನಿಂತವು. ಆಪ್‌ನವರು ತಮ್ಮ ಪಟ್ಟಿಯಿಂದ ಹೆಸರು ತೆಗೆದಿರುವುದಾಗಿ ಬಹಳ ಮರ್ಯಾದೆಯಿಂದ ತಿಳಿಸಿದರು. ಅವಳು ಬೆಳಗ್ಗೆ ಬಂದು ಬಾಗಿಲೆತ್ತುತ್ತಿದ್ದಳು, ದೇವರ ಹೆಸರು ಹೇಳುತ್ತಿದ್ದಳು, ಬರಿಗೈ ಮಡಿಲಲ್ಲಿಟ್ಟು ಕೂರುತ್ತಿದ್ದಳು. ಬರಿಗೈಯಲ್ಲಿ ಕೂರುವುದು ರಫುಗಿಂತ ಕಷ್ಟದ ಕೆಲಸ. ಮೇಲೆ ಹೆಜ್ಜೆಗಳು ಹತ್ತುತ್ತಿದ್ದವು, ಇಳಿಯುತ್ತಿದ್ದವು. ಕೆಲವೊಮ್ಮೆ ಅವಳು ಗಟ್ಟಿಯಾಗಿ ಏನಾದರೂ ಅನ್ನುತ್ತಿದ್ದಳು, ಅಂಗಡಿಯಲ್ಲಿ ಒಂದು ದನಿ ಇರಲೆಂದು. ಚಳಿ ಬಿಟ್ಟಿರಲಿಲ್ಲ, ತೂತಿನ ಕೋಟನ್ನು ಅವಳೇ ಹಾಕಿಕೊಂಡಿರುತ್ತಿದ್ದಳು.

ಒಂದು ದಿನ ಇಸ್ತ್ರಿಯವನು ಹೊರಗಿನಿಂದಲೇ ಕೂಗಿದ. "ಅಕ್ಕಾ! ನಿಮ್ಮ ದೇವರು ಕಣ್ಬಿಟ್ಟ. ನೋಡಿ, ಗಿರಾಕಿ. ಮುಂದೆ ಸರಿ ಇದ್ದಾನೆ, ಹಿಂದೆ ನೋಡಬೇಡಿ."

ಬಂದವನು ಎದುರು ಕಟ್ಟಡದ ಕಾವಲುಗಾರ. ಬೇಲಿಯ ತಂತಿಗೆ ಸಿಕ್ಕಿ ಸಮವಸ್ತ್ರದ ಪ್ಯಾಂಟು ಹಿಂಬದಿಯಲ್ಲಿ ಕಿತ್ತುಬಂದಿತ್ತು. ಎರಡೂ ಕೈ ಹಿಂದೆ ಇಟ್ಟುಕೊಂಡು, ದೊಡ್ಡ ಸಾಹೇಬರ ಹಾಗೆ ನಿಂತಿದ್ದ. "ಸಂಜೆ ಡ್ಯೂಟಿಗೆ ಹೋಗ್ಬೇಕು ಅಕ್ಕ. ಬೇರೆ ಇಲ್ಲ. ಆಗುತ್ತಾ?"

"ಬಿಚ್ಚಿಕೊಡು ಮೊದಲು."

"ಇಲ್ಲೇನಾ?"

"ಇಲ್ಲ, ಬೀದಿಯಲ್ಲಿ," ಎಂದ ಇಸ್ತ್ರಿಯವನು, ಅವನನ್ನು ತನ್ನ ಅಂಗಡಿಯೊಳಗೆ ಎಳೆದುಕೊಂಡ. ಯಾರದೋ ಇಸ್ತ್ರಿಯಾದ ಹೊದಿಕೆ ಸುತ್ತಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, "ಅಲ್ಲಾಡಬೇಡ, ಮಡಿಕೆ ಬೀಳುತ್ತೆ," ಎಂದ.

ರಫು ಅಕ್ಕ ಪ್ಯಾಂಟಿನ ಕಾಲಿನ ಮಡಿಕೆ ಬಿಚ್ಚಿದಳು. ಒಳಗೆ ಎಳೆ ಧಾರಾಳವಾಗಿತ್ತು. ಒಂದೊಂದಾಗಿ ಬಿಡಿಸಿ ಮೇಜಿನ ಮೇಲೆ ಸಾಲಾಗಿಟ್ಟಳು. ಉದ್ದದ ಎಳೆಗಳನ್ನು ಮೊದಲು ಹಾಸಿದಳು, ಆಮೇಲೆ ಅಡ್ಡ ಎಳೆ ಹೊಕ್ಕಿಸತೊಡಗಿದಳು: ಒಂದರ ಮೇಲೆ, ಒಂದರ ಕೆಳಗೆ. ಪಕ್ಕದಲ್ಲಿ ಇಸ್ತ್ರಿಯವನು ಕಾವಲುಗಾರನಿಗೆ ಯಾವುದೋ ಕಳ್ಳನ ಕತೆ ಹೇಳುತ್ತಿದ್ದ. ಅದು ಅವಳಿಗೆ ಕೇಳುತ್ತಿತ್ತು, ಕೇಳುತ್ತಿರಲಿಲ್ಲ. ಉಸಿರು ಸೂಜಿಯ ಜೊತೆ ನಡೆಯುತ್ತಿತ್ತು.

ಅರ್ಧ ದಾಟಿದ ಮೇಲೆ ನೆನಪಾಯಿತು. ಫೋನು ಹಚ್ಚಿರಲಿಲ್ಲ.

ಇದು ತಾನಾಗಿಯೇ ಹರಿದು ಬಂದದ್ದು. ಇದನ್ನು ತೋರಿಸಲು ಅಡ್ಡಿಯಿರಲಿಲ್ಲ, ಅವಳೇ ಹಾಕಿಕೊಂಡ ನಿಯಮದ ಪ್ರಕಾರವೇ. ಫೋನು ಹಲಗೆಯ ಮೇಲೆ ಮುಖ ಕೆಳಗಾಗಿ ಬಿದ್ದಿತ್ತು, ಎದ್ದು ಕೈಚಾಚಿದರೆ ಸಿಗುವಷ್ಟು ದೂರ. ಆದರೆ ಏಳಬೇಕಾದರೆ ಎಳೆ ಬಿಡಬೇಕು, ಬಿಟ್ಟರೆ ಬಿಗಿ ಸಡಿಲುತ್ತದೆ, ಸಡಿಲಿದ ಸಾಲು ಮತ್ತೆ ಹಾಗೇ ಕೂರುವುದಿಲ್ಲ. ಅವಳು ಏಳಲಿಲ್ಲ.

ಆಗ ಫೋನು ಹಲಗೆಯ ಮೇಲೆ ಒಮ್ಮೆ ಗುಂಯ್ ಎಂದಿತು. ತಂಗಿ ಇರಬಹುದು. ಯಾವುದೋ ಕಂಪನಿಯ ಸಂದೇಶವಿರಬಹುದು. ನಿದ್ದೆಗೆಟ್ಟವಳೂ ಇರಬಹುದು, ಇಷ್ಟು ದಿನ ಯೋಚಿಸಿ ಕೊನೆಗೆ ಹೇಳಲು ಮನಸ್ಸು ಮಾಡಿದವಳು. ರಫು ಅಕ್ಕನ ಎದೆ ಒಮ್ಮೆ ಆ ಕಡೆ ವಾಲಿತು. ಕೈ ವಾಲಲಿಲ್ಲ.

ಈ ಸಾಲೊಂದು ಮುಗಿಯಲಿ ಎಂದುಕೊಂಡಳು. ಸಾಲು ಇನ್ನೂ ಉದ್ದವಿತ್ತು.