ಲೇಬಲ್ಲಿನ ಹೆಂಗಸು

ಕೂದಲೆಳೆಯಷ್ಟು ಕಡಿಮೆ ಇತ್ತು. ಅವಳು ಉಕ್ಕಿನ ಅಳತೆಪಟ್ಟಿಯನ್ನು ಎತ್ತಿ, ಕಣ್ಣು ಕಿರಿದು ಮಾಡಿ, ಮತ್ತೊಮ್ಮೆ ಇಟ್ಟಳು. ಎಚ್ಚರಿಕೆಯ ಸಾಲಿನ ಅಕ್ಷರ ಎರಡು ಮಿಲಿಮೀಟರ್ ಎತ್ತರ ಇರಲೇಬೇಕು. ‘ಹಾನಿಕರ’ ಎಂಬಲ್ಲಿನ ‘ಹಾ’ ಮಾತ್ರ ಯಾಕೋ ನಾಚಿಕೊಂಡವರ ಹಾಗೆ ಕುಗ್ಗಿ ಕೂತಿತ್ತು. ಎರಡನೇ ಸಲ ಸರಿ ಬಂತು. ಅಥವಾ ಸರಿ ಬರುವ ಹಾಗೆ ಅವಳು ಪಟ್ಟಿಯನ್ನು ಇಟ್ಟಳು.

ಹನ್ನೊಂದು ವರ್ಷದ ನೌಕರಿಯಲ್ಲಿ ಅವಳು ಹಾಗೆ ಮಾಡಿದ್ದು ಇದೇ ಮೊದಲು. ತಪ್ಪು ಸಿಕ್ಕರೆ ಕಡತ ಇವತ್ತೇ ವಾಪಸು ಹೋಗಬೇಕು. ಕಡತದ ಜೊತೆ ಲೇಬಲ್ಲಿನ ಮೇಲಿದ್ದ ಹೆಂಗಸೂ ಹೋಗಿಬಿಡುತ್ತಾಳೆ.

ಹೆಂಗಸಿಗೆ ನಲವತ್ತು ದಾಟಿರಬಹುದು. ಕಿಟಕಿಗೆ ಒರಗಿ ನಿಂತಿದ್ದಳು. ಎಡಗೈಯಲ್ಲಿ ಬಾರ್ಲಿ ತೆನೆ. ನಗುತ್ತಿರಲಿಲ್ಲ, ಆದರೆ ನಗುವುದನ್ನು ಈಗಷ್ಟೇ ನಿಲ್ಲಿಸಿದವಳ ಹಾಗಿದ್ದಳು. ತುಟಿಯ ಕೆಳಗೊಂದು ಮಚ್ಚೆ. ಮೇಲೆ ಬಿಯರಿನ ಹೆಸರು, ಕೆಳಗೆ ಮದ್ಯದ ಪ್ರಮಾಣ, ಅದರ ಕೆಳಗೆ ಬಾಟ್ಲಿಯ ಅಳತೆ. ಎಲ್ಲವೂ ಕಾಯಿದೆ ಹೇಳಿದ ಜಾಗದಲ್ಲೇ ಇದ್ದವು. ಅಕ್ಕ ಮಾತ್ರ ಇರಬಾರದ ಜಾಗದಲ್ಲಿ ನಿಂತಿದ್ದಳು.

ಅಕ್ಕನೇ ಅಲ್ಲವೇ? ಬೆಳಿಗ್ಗೆ ಹತ್ತೂಕಾಲಕ್ಕೆ ಲಕೋಟೆ ಒಡೆದಾಗ ಅಕ್ಕನೇ ಅನ್ನಿಸಿತ್ತು. ಆಮೇಲೆ ಅನುಮಾನ ಬಂತು. ಇಪ್ಪತ್ತಮೂರು ವರ್ಷ ಕಾಣದ ಮುಖವನ್ನು ಯಾರು ತಾನೇ ಆಣೆಯಿಟ್ಟು ಗುರುತಿಸಿಯಾರು. ಭೂತಗನ್ನಡಿ ಇಟ್ಟು ನೋಡಿದಳು. ಹತ್ತಿರ ಹೋದಷ್ಟೂ ಅಲ್ಲಿ ಯಾರೂ ಇರಲಿಲ್ಲ. ಕೆಂಪು, ಹಳದಿ, ನೀಲಿ, ಕಪ್ಪು ಚುಕ್ಕಿಗಳು. ಮಚ್ಚೆ ಅಂದರೆ ನಾಲ್ಕಾರು ಕಪ್ಪು ಚುಕ್ಕಿ, ಅಷ್ಟೇ. ಲೇಬಲ್ಲನ್ನು ತೋಳಳತೆ ದೂರ ಹಿಡಿದಳು. ಅಕ್ಕ ಮತ್ತೆ ಬಂದು ನಿಂತಳು.

ಅವಳಿದ್ದ ಅಬಕಾರಿ ಇಲಾಖೆಯ ಲೇಬಲ್ ವಿಭಾಗದ ಮೇಜು ದಾಟದೆ ಯಾವ ಬಾಟ್ಲಿಯೂ ಅಂಗಡಿಯ ಕಪಾಟು ಹತ್ತುವಂತಿರಲಿಲ್ಲ. ಅಮಲಿಲ್ಲದ ಮಾಲ್ಟ್ ಪಾನೀಯ ತನ್ನನ್ನು ಬಿಯರ್ ಎಂದು ಕರೆದುಕೊಳ್ಳಬಾರದು. ಬಿಯರ್ ತನ್ನನ್ನು ಔಷಧಿ ಎಂದು ಕರೆದುಕೊಳ್ಳಬಾರದು. ಶಕ್ತಿ ಬರುತ್ತದೆ, ನಿದ್ದೆ ಬರುತ್ತದೆ, ದುಃಖ ಹೋಗುತ್ತದೆ ಎಂದು ಬರೆಯಬಾರದು. ಹೋದ ತಿಂಗಳು ಒಬ್ಬರು ‘ಹಳೇ ಗೆಳೆಯರನ್ನು ನೆನಪಿಸುವ ರುಚಿ’ ಎಂದು ಬರೆದಿದ್ದರು. ನೆನಪನ್ನು ರುಜುವಾತು ಮಾಡಲು ಆಗದ್ದರಿಂದ ಅವಳು ಅದನ್ನು ಹೊಡೆದುಹಾಕಿದ್ದಳು. ಇಷ್ಟೆಲ್ಲ ಮಾಡಿಯೂ ಅವಳು ಒಂದು ಗುಟುಕು ಬಿಯರ್ ಕುಡಿದವಳಲ್ಲ.

ನಮೂನೆಯ ಒಂಬತ್ತನೇ ಕಾಲಂ ಹೀಗಿತ್ತು: ಲೇಬಲ್ಲಿನ ಮೇಲೆ ಮನುಷ್ಯರ ಚಿತ್ರವಿದ್ದರೆ, (ಅ) ನಿಜ ವ್ಯಕ್ತಿ, ಒಪ್ಪಿಗೆ ಪತ್ರ ಲಗತ್ತಿಸಿದೆ. (ಆ) ಕಾಲ್ಪನಿಕ. ಕಂಪನಿಯವರು (ಆ) ಮುಂದೆ ಗೀಟು ಹಾಕಿದ್ದರು. ಅದರ ಕೆಳಗಿನ ಸಾಲು ಪರಿಶೀಲಕರದ್ದು. ‘ನಾನು ಪರಿಶೀಲಿಸಿದ್ದೇನೆ. ನನ್ನ ತಿಳಿವಿನ ಮಟ್ಟಿಗೆ ಇಂಥ ವ್ಯಕ್ತಿ ಇಲ್ಲ.’ ಮುಂದೆ ಸಹಿಗೆ ಜಾಗ.

ಅವಳು ಎಷ್ಟೋ ನೂರು ಸಲ ಅಲ್ಲಿ ಸಹಿ ಮಾಡಿದ್ದಳು. ಗಡ್ಡದ ಮುದುಕರು, ಮೀನು ಹಿಡಿಯುವವರು, ಕೊಂಬಿನ ಟೋಪಿ ಹಾಕಿದ ದಾಂಡಿಗರು. ಇಲ್ಲ, ಇಲ್ಲ, ಇಲ್ಲ.

“ಒಂದು ಮುಖಕ್ಕೆ ಇಷ್ಟು ಹೊತ್ತಾ?” ಮೇಲಧಿಕಾರಿ ಹಿಂದಿನಿಂದ ಬಗ್ಗಿ ನೋಡಿದರು. “ನಮ್ಮ ಮನೆಯವಳ ಮುಖಾನೇ ನಾನು ಇಷ್ಟು ಹೊತ್ತು ನೋಡಿಲ್ಲ.”

“ಅಕ್ಷರ ಅಳೀತಿದ್ದೆ ಸಾರ್.”

“ಅಳೀರಿ ಅಳೀರಿ. ಅಳೆದೂ ಸುರಿದೂ ಐದು ಗಂಟೆಯೊಳಗೆ ಕಳಿಸಿ. ನಾಳೆ ಅವರ ಅಚ್ಚು ಶುರುವಂತೆ. ಗೋಂದು ಬೆಳಿಗ್ಗೆಯಿಂದ ಕೂತಿದೆ.”

ಗೋಂದು ಅಂದರೆ ಕಂಪನಿಯ ಪ್ರತಿನಿಧಿ. ಕೂತ ಕುರ್ಚಿಯಿಂದ ಸುಲಭಕ್ಕೆ ಏಳದ ಮನುಷ್ಯ. ಹೊರಗಿನ ಬೆಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದಿನ ವಾರದ ಪತ್ರಿಕೆ ಓದುತ್ತಿದ್ದ. ಅವಳು ಕರೆಸಿದಳು.

“ನಮ್ಮ ಹೆಂಗಸು ಏನಂತಾಳೆ ಮೇಡಂ?”

“ಯಾರು ಬರೆದಿದ್ದು ಇದನ್ನ?”

“ಯಾಕೆ, ಚೆನ್ನಾಗಿಲ್ವಾ?”

“ಕೇಳಿದ್ದಕ್ಕೆ ಹೇಳಿ.”

“ಹೊರಗಿನ ಚಿತ್ರಗಾರರು. ಅಂಚೇಲಿ ಕಳಿಸ್ತಾರೆ. ನಾನು ಮುಖ ಕಂಡಿಲ್ಲ.”

“ಗಂಡಸೋ, ಹೆಂಗಸೋ?”

“ಲಕೋಟೆ ಮೇಲೆ ಅದನ್ನೆಲ್ಲ ಬರಿಯಲ್ಲ ಮೇಡಂ.”

“ಯಾರನ್ನಾದರೂ ಎದುರಿಗೆ ಕೂರಿಸಿಕೊಂಡು ಬರೆದರಾ ಅಂತ.”

ಅವನ ನಗು ಸ್ವಲ್ಪ ಒಳಗೆ ಸರಿಯಿತು. “ಕೂರಿಸಿಕೊಂಡ್ರು ಅಂದ್ರೆ ನೀವು ಒಪ್ಪಿಗೆ ಪತ್ರ ಕೇಳ್ತೀರಿ. ಹಾಗಾಗಿ ಕೂರಿಸಿಕೊಂಡಿಲ್ಲ.”

“ನಾನು ಆಕ್ಷೇಪ ಬರೆದರೆ?”

“ಬರೀರಿ. ಮುಖ ತೆಗೆದು ಬರೀ ತೆನೆ ಹಾಕ್ತೀವಿ. ತೆನೆ ಒಪ್ಪಿಗೆ ಪತ್ರ ಕೇಳಲ್ಲ, ಜಗಳಕ್ಕೂ ಬರಲ್ಲ. ಆ ಚಿತ್ರಗಾರರಿಗೂ ಅಲ್ಲಿಗೇ ಒಂದು ನಮಸ್ಕಾರ.”

ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. “ಅವರ ವಿಳಾಸ ಬೇಕಿತ್ತು.”

“ಕಡತಕ್ಕಾ?”

“ನನಗೆ.”

ಗೋಂದಿಗೆ ಮೂಗು ಚುರುಕು. ಮುದ್ರೆ ನೋಡುವವನ ಹಾಗೆ ಅವಳನ್ನು ನೋಡಿದ. ಆಮೇಲೆ ದನಿ ತಗ್ಗಿಸಿದ. “ಕೊಡ್ತೀನಿ. ಅದಕ್ಕೇನಂತೆ. ಮಂಜೂರಾತಿ ನನ್ನ ಕೈಗೆ ಬರಲಿ, ನೀವು ಹೇಳೋದೇ ಬೇಡ, ಚೀಟೀಲಿ ಬರೆದು ಮೇಜಿನ ಮೇಲೆ ಇಟ್ಟು ಹೋಗ್ತೀನಿ. ಈಗಲೇ ಕೊಡೋದು ಅಂದ್ರೆ, ತಪ್ಪು ತಿಳೀಬೇಡಿ, ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ. ನೀವಲ್ಲಿ ಹೋಗಿ ಏನೋ ಕೇಳಿ, ಅವರೇನೋ ಹೇಳಿ...”

ಅವನು ಮತ್ತೆ ಬೆಂಚಿಗೆ ಹೋಗಿ ಕೂತ. ಅವಳು ಕಾಲಂ ನೋಡುತ್ತ ಕೂತಳು. ಲೆಕ್ಕ ಸರಳವಾಗಿತ್ತು. ಇವಳು ನನ್ನಕ್ಕ ಎಂದು ಬರೆದರೆ ಅಕ್ಕ ಅಳಿಸಿ ಹೋಗುತ್ತಾಳೆ, ದಾರಿಯೂ ಮುಚ್ಚುತ್ತದೆ. ಇಂಥವಳು ಇಲ್ಲವೇ ಇಲ್ಲ ಎಂದು ಸಹಿ ಮಾಡಿದರೆ ವಿಳಾಸ ಸಿಗುತ್ತದೆ.

ಅಕ್ಕ ಮನೆ ಬಿಟ್ಟಾಗ ಅವಳಿಗೆ ಹನ್ನೊಂದು, ಅಕ್ಕನಿಗೆ ಹತ್ತೊಂಬತ್ತು. ಅಪ್ಪ ಒಲ್ಲದವನ ಹಿಂದೆ ಅಕ್ಕ ಮೆಟ್ಟಿಲಿಳಿದು ಹೋದಳು. ಅಪ್ಪ ಚಿಲಕ ಹಾಕಿ, “ನನಗಿರೋದು ಒಬ್ಬಳೇ ಮಗಳು” ಅಂದ. ಸಿಟ್ಟಿನ ಮಾತು ಎಂದು ಎಲ್ಲರೂ ತಿಳಿದಿದ್ದರು. ವಾರ ಕಳೆದ ಮೇಲೆ ಅಪ್ಪ ಎಲ್ಲರನ್ನೂ ಸ್ಟುಡಿಯೋಗೆ ಕರೆದುಕೊಂಡು ಹೋದ. ಹಳೇ ಫೋಟೋದಲ್ಲಿದ್ದ ಅದೇ ಬಟ್ಟೆ, ಅದೇ ಸಾಲು, ಒಬ್ಬಳು ಕಡಿಮೆ. “ಒಂಚೂರು ಹತ್ತಿರ ಸರೀರಿ” ಅಂದ ಫೋಟೋದವನು. ಯಾರೂ ಸರಿಯಲಿಲ್ಲ. ಅಮ್ಮನಿಗೂ ಅವಳಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಇಟ್ಟುಕೊಂಡೇ ಚಿತ್ರ ಬಂತು. ಅದನ್ನು ಗೋಡೆಗೆ ಹಾಕಿ ಹಳೆಯದನ್ನು ಅಪ್ಪ ಒಲೆಗೆ ಹಾಕಿದ.

ಅಜ್ಜಿಯ ಕಥೆಗಳೂ ಬದಲಾದವು. ‘ಒಂದಾನೊಂದು ಊರಲ್ಲಿ ಇಬ್ಬರು ಅಕ್ಕತಂಗಿಯರು’ ಎಂದು ಶುರುವಾಗುತ್ತಿದ್ದ ಕಥೆಗಳಲ್ಲೆಲ್ಲ ಒಬ್ಬಳೇ ಹುಡುಗಿ ಉಳಿದಳು. ಆದರೆ ಕಥೆಯಲ್ಲಿ ಇಬ್ಬರ ಕೆಲಸ ಹಾಗೇ ಇತ್ತು. ಕಾಡಿನಿಂದ ಓಡಿಬಂದು ಬಾಗಿಲು ಬಡಿಯುವವಳೂ ಅವಳೇ, ಒಳಗಿನಿಂದ ‘ಯಾರದು’ ಅನ್ನುವವಳೂ ಅವಳೇ. ಅದು ಹೇಗೆ ಅಜ್ಜಿ ಎಂದು ಕೇಳಿದರೆ ಅಜ್ಜಿ ಗೋಡೆಯ ಕಡೆ ಹೊರಳಿ, “ಹ್ಞೂಂಗುಟ್ಟಿದರೆ ಕಥೆ ಹೇಳ್ತೀನಿ, ಪ್ರಶ್ನೆ ಕೇಳಿದರೆ ನಿದ್ದೆ ಮಾಡ್ತೀನಿ” ಅನ್ನುತ್ತಿದ್ದಳು.

ಅವಳಿಗೆ ಹದಿನಾಲ್ಕು ತುಂಬಿದ ವರ್ಷ, ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ, ನಿಜವಾಗಿಯೂ ಯಾರೋ ಬಾಗಿಲು ಬಡಿದರು. ಸರಪಳಿ ಬಿಚ್ಚದೆ ಬಾಗಿಲನ್ನು ಸ್ವಲ್ಪವೇ ತೆರೆದಳು. ಬತ್ತಿದ ಕೆನ್ನೆ, ಕೈಯಲ್ಲೊಂದು ಬಟ್ಟೆ ಚೀಲ.

“ಗೊತ್ತಾಯ್ತಾ ಯಾರು ಅಂತ?”

ಬಡಿದ ಸದ್ದಿನಲ್ಲೇ ಗೊತ್ತಾಗಿತ್ತು. “ಗೊತ್ತಾಗಲಿಲ್ಲ. ಅಮ್ಮ ಇಲ್ಲ.”

ಅಕ್ಕ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು. “ಉದ್ದ ಆಗಿದ್ದೀಯ” ಅಂದು ಮೆಟ್ಟಿಲಿಳಿದಳು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಪ್ಪ ಸತ್ತಾಗಲೂ ಹೇಳಲಿಲ್ಲ, ಅಜ್ಜಿ ಸತ್ತಾಗಲೂ. ಈಗ ಮನೆಯಲ್ಲಿ ಉಳಿದವರು ಅಮ್ಮ ಮತ್ತು ಅವಳು. ಇಂದಿಗೂ ಯಾರಾದರೂ ಬಾಗಿಲು ತಟ್ಟಿದರೆ ಅವಳು ಬಚ್ಚಲಿನಲ್ಲೋ ಅಡುಗೆಮನೆಯಲ್ಲೋ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಬಾಗಿಲು ಅಮ್ಮನೇ ತೆಗೆಯಬೇಕು.

ಊಟದ ಹೊತ್ತಿಗೆ ಮನೆಗೆ ಫೋನ್ ಮಾಡಿದಳು.

“ಅಮ್ಮಾ, ಮಚ್ಚೆ ಯಾವ ಕಡೆ ಇತ್ತು?”

“ಯಾರಿಗೆ?”

“ತುಟಿ ಕೆಳಗೆ.”

“ಯಾರಿಗೆ ಅಂತ ಕೇಳಿದೆ.”

ಆ ಕಡೆ ನಲ್ಲಿಯ ಸದ್ದು ಇತ್ತು. ನಿಂತಿತು.

“ಬರ್ತಾ ಸೋಪು ತಗೊಂಡು ಬಾ. ಬಟ್ಟೇದು.”

“ಹ್ಞೂಂ.”

“ನೀಲಿ ಬಣ್ಣದ್ದು ಬೇಡ, ಕೈ ಉರಿಯುತ್ತೆ.”

“ಹ್ಞೂಂ.”

ಅವಳು ಇಡಬೇಕು ಅನ್ನುವಷ್ಟರಲ್ಲಿ ಅಮ್ಮ, “ಎಡಗಡೆ” ಅಂದಳು. ಫೋನ್ ಕಟ್ಟಾಯಿತು.

ಲೇಬಲ್ಲಿನ ಹೆಂಗಸಿಗೆ ಮಚ್ಚೆ ಅವಳ ಬಲಗಡೆ ಇತ್ತು. ಅವಳು ಉಸಿರು ಬಿಟ್ಟಳು. ಯಾರೋ ಏನೋ, ಅಕ್ಕ ಅಲ್ಲ. ಸಹಿ ಮಾಡಬಹುದು, ಸುಳ್ಳೂ ಆಗುವುದಿಲ್ಲ. ಹಗುರಾಯಿತು ಅಂದುಕೊಂಡೇ ಕೈ ತೊಳೆಯಲು ಹೋದಳು. ತೊಳೆಯುವ ಕೋಣೆಯ ಕನ್ನಡಿಯಲ್ಲಿ ತಲೆಯೆತ್ತಿ ನೋಡಿದಾಗ ಅವಳ ಬೈತಲೆ ಇನ್ನೊಂದು ಕಡೆಗಿತ್ತು. ನೀರು ಸುರಿಯುತ್ತಲೇ ಇತ್ತು. ತನ್ನನ್ನೇ ಕನ್ನಡಿಯಲ್ಲಿ ನೋಡಿಕೊಂಡು ಚಿತ್ರ ಬರೆದವಳಿಗೆ ಎಡ ಬಲವಾಗುತ್ತದೆ. ಹಾಗಾದರೆ ಎದುರಿಗೆ ಯಾರೂ ಕೂತಿರಲಿಲ್ಲ. ಗೋಂದು ಹೇಳಿದ್ದು ನಿಜವೇ.

ಅಕ್ಕ ಚಿತ್ರ ಬರೆಯುತ್ತಿದ್ದಳೇ? ನೆನಪು ಮಾಡಿಕೊಂಡಳು. ಬರಲಿಲ್ಲ. ಅಕ್ಕನ ಬಗ್ಗೆ ತನಗೆ ಗೊತ್ತಿದ್ದದ್ದೆಲ್ಲ ಒಂದು ಅಂಗೈಯಲ್ಲಿ ಹಿಡಿಸುವಷ್ಟು. ಮಚ್ಚೆ ಯಾವ ಕಡೆ ಎಂಬುದನ್ನೂ ಕೇಳಿ ತಿಳಿಯಬೇಕಾಯಿತು.

ಮೂರು ಗಂಟೆಗೆ ಸಹಿ ಮಾಡಿದಳು. ‘ನನ್ನ ತಿಳಿವಿನ ಮಟ್ಟಿಗೆ ಇಂಥ ವ್ಯಕ್ತಿ ಇಲ್ಲ.’ ಶಾಯಿ ಆರುವವರೆಗೆ ನೋಡಿದಳು. ಅಪ್ಪನಿಗೂ ಒಂದು ನಮೂನೆ ಸಿಕ್ಕಿದ್ದರೆ ಇಷ್ಟು ಸುಲಭಕ್ಕೆ ಮುಗಿಯುತ್ತಿತ್ತು, ಫೋಟೋದ ಖರ್ಚೂ ಉಳಿಯುತ್ತಿತ್ತು.

“ಇನ್ನು ತೊಟ್ಟಿ ಒಂದೇ” ಅಂದ ಗೋಂದು, ಚೀಲದಿಂದ ಲೇಬಲ್ ಹಚ್ಚಿದ ಮಾದರಿ ಬಾಟ್ಲಿ ತೆಗೆದು. “ಅದೂ ಆಗಿಬಿಟ್ರೆ ನಿಮ್ಮ ಚೀಟಿ ನಿಮಗೆ.”

ಹಚ್ಚಿದ ಲೇಬಲ್ಲು ಸುಲಭಕ್ಕೆ ಕಿತ್ತು ಬರಬಾರದೆಂಬುದು ಕಾಯಿದೆಯ ಕೊನೆಯ ಷರತ್ತು. ಬಾಟ್ಲಿಯನ್ನು ಒಂದು ಗಂಟೆ ತಣ್ಣೀರಿನಲ್ಲಿ ಮುಳುಗಿಸಿಡಬೇಕು. ಒಂದು ಮೂಲೆ ಎದ್ದರೂ ಅರ್ಜಿ ತಿರಸ್ಕೃತ.

“ಎದ್ದರೆ ಬೇರೆ ಗೋಂದು ಹಾಕಿ ಮತ್ತೆ ತರ್ತೀರಾ?” ಕೇಳಿದಳು. ಆ ಪದ ಬಾಯಿಂದ ಬಂದ ಮೇಲೆ ಮುಜುಗರವಾಯಿತು. ಅವನಿಗೆ ತನ್ನ ಅಡ್ಡಹೆಸರು ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದವನ ಹಾಗಿದ್ದ.

“ಎದ್ದರೆ ಕಾಗದಾನೂ ಬದಲು, ಚಿತ್ರಾನೂ ಬದಲು. ನಮ್ಮ ಮಾಲೀಕರಿಗೆ ಮೊದಲಿಂದ ತೆನೆಯೇ ಇಷ್ಟ. ಈ ಹೆಂಗಸು ಯಾಕೋ ನಮ್ಮನ್ನೇ ನೋಡ್ತಾಳೆ ಅಂತಾರೆ.”

ತೊಟ್ಟಿ ಇದ್ದದ್ದು ನೆಲಮಾಳಿಗೆಯಲ್ಲಿ. ಬಿಳಿ ಟೈಲ್ಸಿನ ಕೋಣೆ, ಒಂದೇ ದೀಪ, ಗೋಡೆಗೆ ಗಡಿಯಾರ, ಹಳೇ ಬಿಯರಿನ ಹುಳಿ ವಾಸನೆ. ತೊಟ್ಟಿ ನೋಡಿಕೊಳ್ಳುವಾತ ನಿವೃತ್ತಿಯ ಅಂಚಿನಲ್ಲಿದ್ದ. ಬಾಟ್ಲಿಯನ್ನು ಮಗುವಿಗೆ ಸ್ನಾನ ಮಾಡಿಸುವವನ ಹಾಗೆ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮಲಗಿಸಿದ. ಲೇಬಲ್ಲು ಮೇಲ್ಮುಖ.

“ಗಡಿಯಾರ ನೋಡ್ಕೊಳ್ಳಿ. ಒಂದು ಗಂಟೆ. ಮಧ್ಯ ಮುಟ್ಟೋ ಹಾಗಿಲ್ಲ.” ಅವನು ಟವೆಲಿಗೆ ಕೈ ಒರೆಸಿಕೊಂಡ. “ನೀವೇ ಇರ್ತೀರಲ್ಲ, ನಾನೊಂದು ಚಹಾ ಮುಗಿಸಿ ಬರ್ತೀನಿ. ಎದ್ದರೆ ಎದ್ದಿತು ಅಂತ ಬರೀರಿ, ಕೂತರೆ ಕೂತಿತು ಅಂತ. ನಮಗೇನು, ಅದರ ಹಣೆಬರಹ.”

ಅವನ ಚಪ್ಪಲಿಯ ಸದ್ದು ಮೇಲೆ ಹೋಗಿ ಕರಗಿತು.

ತೊಟ್ಟಿಯ ನೀರು ಅಲುಗದೆ ನಿಂತಿತು. ಹೆಂಗಸು ನೀರಿನ ತಳದಿಂದ ನೋಡುತ್ತಿದ್ದಳು. ದೀಪ ಅಲುಗಿದರೆ ಮುಖವೂ ಅಲುಗುತ್ತಿತ್ತು. ಏನೋ ಹೇಳಲು ಬಾಯಿ ತೆರೆದು, ಬೇಡವೆಂದು ಮುಚ್ಚಿದ ಹಾಗೆ. ಅವಳು ಬಗ್ಗಿದಳು. ಹತ್ತು ನಿಮಿಷ. ಹದಿನೈದು. ವಿಳಾಸ ಸಿಕ್ಕರೆ ಹೋಗಿ ಏನು ಹೇಳುವುದು ಎಂದು ಮೊದಲ ಸಲ ಯೋಚಿಸಿದಳು. ಗೊತ್ತಾಯ್ತಾ ಯಾರು ಅಂತ? ಬಾಗಿಲ ಹೊರಗೆ ನಿಂತು ತಾನು ಹಾಗೆ ಕೇಳಬಹುದು. ಒಳಗಿನಿಂದ ಏನು ಉತ್ತರ ಬರಬೇಕೋ ಅದೂ ಗೊತ್ತಿತ್ತು.

ಇಪ್ಪತ್ತನೇ ನಿಮಿಷಕ್ಕೆ ಹಣೆಯ ಮೇಲಿನ ಮೂಲೆ ಬಿಟ್ಟಿತು. ಉಗುರಿನಷ್ಟು. ನೀರಿನಲ್ಲಿ ಅದು ಮೆಲ್ಲಗೆ ಬಾಗಿ, ಕೈಬೀಸಿದಂತೆ ಆಡಿತು.

ಅವಳು ಬಾಗಿಲ ಕಡೆ ನೋಡಿದಳು. ಅಂಗಿಯ ತೋಳು ಮಡಚದೆಯೇ ಕೈ ಮುಳುಗಿಸಿದಳು. ಬಟ್ಟೆ ಮೊಣಕೈವರೆಗೆ ಒದ್ದೆಯಾಯಿತು. ಹೆಬ್ಬೆರಳಿನಿಂದ ಹಣೆಯನ್ನು ಒತ್ತಿದಳು. ಕೂತಿತು. ಬೆರಳು ತೆಗೆದಳು, ಮತ್ತೆ ಎದ್ದಿತು. ಈ ಸಲ ಗದ್ದದ ಕಡೆಯ ಮೂಲೆಯೂ ಬಿಟ್ಟಿತ್ತು.

ಎರಡನೇ ಕೈಯನ್ನೂ ಇಳಿಸಿದಳು. ಒಂದು ಹಣೆಗೆ, ಒಂದು ಗದ್ದಕ್ಕೆ. ಕಾಗದದ ಅಡಿಯಿಂದ ಸಣ್ಣ ಗುಳ್ಳೆಗಳು ಹೊರಟವು. ತುಟಿಯ ಪಕ್ಕದಿಂದ ಒಂದೊಂದಾಗಿ ಜಾರಿ, ಮೇಲೆ ಬಂದು, ಅವಳ ಮುಖದ ಕೆಳಗೇ ಒಡೆದವು. ಅಂಗೈಯ ಅಡಿಯಲ್ಲಿ ಅಕ್ಕನ ಮುಖ ಮೇಲೆ ಬರಲು ಹವಣಿಸುತ್ತಿತ್ತು. ಅವಳು ಹಲ್ಲು ಕಚ್ಚಿ ಇನ್ನಷ್ಟು ಭಾರ ಹಾಕಿದಳು. ಗುಳ್ಳೆಗಳು ವಿರಳವಾದವು. ಒಂದು ಬಂತು. ತುಂಬ ಹೊತ್ತಿನ ಮೇಲೆ ಇನ್ನೊಂದು.

ತಲೆಯೆತ್ತಿ ನೋಡಿದಳು. ಇನ್ನೂ ಮೂವತ್ತೆಂಟು ನಿಮಿಷ ಇತ್ತು.